ತಾಮ್ರದ ತಗಡಿನಿಂದ ಎದ್ದ ಮುಖಗಳು

ಹೊಸದಾಗಿ ಕೈಗೆ ಬಂದ ಐನೂರರ ನೋಟಿನಲ್ಲಿ ಗಾಂಧೀಜಿಯ ಮುಖದ ಮೇಲೆ ಹೆಬ್ಬೆರಳು ಸವರಿ ನೋಡಿ. ಶಾಯಿ ಕಾಗದಕ್ಕಿಂತ ತುಸು ಎದ್ದು ನಿಂತಿರುವುದು ಬೆರಳಿಗೆ ತಿಳಿಯುತ್ತದೆ. ಭೂತಗನ್ನಡಿ ಹಿಡಿದರೆ ಇನ್ನೊಂದು ಸಂಗತಿ ಕಾಣುತ್ತದೆ: ಆ ಮುಖದಲ್ಲಿ ಬಣ್ಣ ಬಳಿದ ಜಾಗವೇ ಇಲ್ಲ. ಕೆನ್ನೆ, ಹಣೆ, ಕನ್ನಡಕದ ಅಂಚು, ನಗೆಯ ಮಡಿಕೆ, ಎಲ್ಲವೂ ಗೆರೆ ಮತ್ತು ಚುಕ್ಕೆಗಳೇ. 1946ರಲ್ಲಿ ಲಾರ್ಡ್ ಪೆಥಿಕ್-ಲಾರೆನ್ಸ್ ಜೊತೆ ಗಾಂಧೀಜಿ ಇದ್ದಾಗ ತೆಗೆದ ಫೋಟೊ ಇದಕ್ಕೆ ಮೂಲ. ಫೋಟೊದಲ್ಲಿ ಗೆರೆ ಇರಲಿಲ್ಲ, ನೆರಳು ಬೆಳಕು ಮಾತ್ರ ಇತ್ತು. ಆ ನೆರಳನ್ನೆಲ್ಲ ಯಾರೋ ಒಬ್ಬರು ಗೆರೆಗೆ ಇಳಿಸಿದ್ದಾರೆ. ನೂರು ಮತ್ತು ಅದಕ್ಕಿಂತ ದೊಡ್ಡ ನೋಟುಗಳಲ್ಲಿ ಈ ಮುಖ ಉಬ್ಬಿದ ಅಚ್ಚಿನಲ್ಲಿ ಬರುತ್ತದೆ. ದೇಶದ ನಾಲ್ಕು ನೋಟು ಮುದ್ರಣಾಲಯಗಳಲ್ಲಿ ಒಂದು ನಮಗೆ ಹತ್ತಿರದ ಮೈಸೂರಿನಲ್ಲೇ ಇದೆ.

ನೋಟಿನ ಅಚ್ಚುತಗಡನ್ನು ಈಗ ತಯಾರಿಸುವ ವಿಧಾನ ಬೇರೆ, ಯಂತ್ರ ಬೇರೆ. ಆದರೆ ಲೋಹದಲ್ಲಿ ತಗ್ಗು ತೋಡಿ, ತಗ್ಗಿನೊಳಗೆ ಶಾಯಿ ತುಂಬಿ, ಕಾಗದವನ್ನು ಅದರೊಳಕ್ಕೆ ಒತ್ತಿ ಮುಖವೊಂದನ್ನು ಎತ್ತಿ ತೆಗೆಯುವ ಈ ವಿದ್ಯೆ ತನ್ನ ತುದಿ ಮುಟ್ಟಿದ್ದು 17ನೇ ಶತಮಾನದ ಯೂರೋಪಿನಲ್ಲಿ, ಕಲೆಯ ಚರಿತ್ರೆ ಬರೆಯುವವರು ಬರೋಕ್ ಎಂದು ಕರೆಯುವ ಕಾಲದಲ್ಲಿ. ಆಗ ಕ್ಯಾಮೆರಾ ಇರಲಿಲ್ಲ. ದೊರೆಯ ಮುಖ, ಮಂತ್ರಿಯ ಮುಖ, ಪಂಡಿತನ ಮುಖ ಜನರಿಗೆ ತಲುಪುತ್ತಿದ್ದುದು ತಾಮ್ರದ ತಗಡಿನ ಮೂಲಕ.

ನಾಗಮಂಗಲ, ಕೆ.ಆರ್.ಪೇಟೆ, ಪಾಂಡವಪುರ ಕಡೆಯ ಓದುಗರಿಗೆ ಪ್ಯಾರಿಸ್ಸಿನ ಕೆತ್ತನೆಗಾರರ ಕಸುಬು ತೀರ ದೂರದ ವಿಷಯ ಎನಿಸಬಹುದು. ಅಷ್ಟು ದೂರದ್ದಲ್ಲ. ಶ್ರೀರಂಗಪಟ್ಟಣದ ಮುತ್ತಿಗೆ, ಟಿಪ್ಪು ಸುಲ್ತಾನನ ಮಕ್ಕಳನ್ನು ಒತ್ತೆಯಿಟ್ಟದ್ದು, ಕೋಟೆ ಬಿದ್ದದ್ದು ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವ ಚಿತ್ರಗಳಲ್ಲಿ ಬಹಳಷ್ಟು ಲಂಡನ್ನಿನ ತಾಮ್ರದ ತಗಡುಗಳಿಂದ ಇಳಿದುಬಂದವು. ಪಠ್ಯಪುಸ್ತಕಕ್ಕೆ, ಕ್ಯಾಲೆಂಡರಿಗೆ, ಈಗ ಫ್ಲೆಕ್ಸಿಗೆ ಅವು ಪ್ರತಿಯ ಪ್ರತಿಯಾಗಿ ಬಂದಿವೆ. ಅಂಥ ಚಿತ್ರವನ್ನು ಮುಂದೆ ಹಿಡಿದು ‘ಇವರು ಹೀಗೇ ಇದ್ದರು’ ಎಂದು ವಾದಿಸುವವರಿದ್ದಾರೆ, ಅದನ್ನು ನಂಬಿ ಕೈಕೈ ಮಿಲಾಯಿಸುವವರೂ ಇದ್ದಾರೆ. ಆ ಮುಖ ತಯಾರಾದದ್ದು ಹೇಗೆ, ಎಷ್ಟು ಕೈ ದಾಟಿ ಬಂತು ಎಂದು ಗೊತ್ತಿದ್ದರೆ ಮಾತ್ರ ಅದು ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಸಾಕ್ಷಿಯಲ್ಲ ಎಂದು ಹೇಳಬಹುದು. ಈ ಬರಹ ಅದಕ್ಕಾಗಿ.

ಮೊದಲು ತಗಡಿನ ಕೆಲಸ. ತಾಮ್ರವನ್ನು ಬಡಿದು ಚಪ್ಪಟೆ ಮಾಡಿ, ಕಲ್ಲಿನಿಂದ, ಇದ್ದಿಲಿನಿಂದ ಉಜ್ಜಿ ಕನ್ನಡಿಯಷ್ಟು ನಯ ಮಾಡುತ್ತಾರೆ. ಒಂದು ಗೀರು ಉಳಿದರೂ ಅದು ಅಚ್ಚಿನಲ್ಲಿ ಕಪ್ಪು ಗೆರೆಯಾಗಿ ಬರುತ್ತದೆ. ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ತಗಡನ್ನಿಟ್ಟು ಕೆತ್ತನೆಗಾರ ಕೂರುತ್ತಾನೆ. ಅವನ ಕೈಯಲ್ಲಿರುವುದು ಬ್ಯೂರಿನ್ ಎಂಬ ಉಳಿ: ಚೌಕ ಅಥವಾ ವಜ್ರಾಕಾರದ ಉಕ್ಕಿನ ಕಡ್ಡಿ, ತುದಿಯನ್ನು ಓರೆಯಾಗಿ ಮಸೆದದ್ದು, ಹಿಂಬದಿಗೆ ಅಂಗೈಯಲ್ಲಿ ಕೂರುವ ಅಣಬೆಯಂಥ ಮರದ ಹಿಡಿ. ಸುತ್ತಿಗೆ ಇಲ್ಲ. ಅಂಗೈಯಿಂದ ಒತ್ತಿ ಮುಂದಕ್ಕೆ ತಳ್ಳುವುದಷ್ಟೇ. ಉಳಿ ಹೋದ ದಾರಿಯಲ್ಲಿ ತಾಮ್ರ ಸಣ್ಣ ಸುರುಳಿಯಾಗಿ ಎದ್ದು ಬರುತ್ತದೆ. ಒತ್ತಿದರೆ ಗೆರೆ ಆಳವಾಗಿ ಅಗಲವಾಗುತ್ತದೆ, ಕೈ ಹಗುರ ಮಾಡಿದರೆ ಕೂದಲೆಳೆಯಾಗಿ ಮುಗಿಯುತ್ತದೆ. ಒಂದೇ ಗೆರೆ ಸಣ್ಣಗೆ ಹುಟ್ಟಿ, ಉಬ್ಬಿ, ಮತ್ತೆ ಸಣ್ಣಗಾಗುವುದೇ ಬರೋಕ್ ಕೆತ್ತನೆಯ ಜೀವಾಳ.

ಬಾಗುಗೆರೆ ಬೇಕೆಂದಾಗ ಉಳಿ ತಿರುಗುವುದಿಲ್ಲ, ತಗಡು ತಿರುಗುತ್ತದೆ. ಬಲಗೈ ಹೆಚ್ಚುಕಡಿಮೆ ಇದ್ದಲ್ಲೇ ಇದ್ದು ಒತ್ತುತ್ತದೆ, ಎಡಗೈ ದಿಂಬಿನ ಮೇಲೆ ತಗಡನ್ನು ಉಳಿಯ ಎದುರಿಗೆ ಸುತ್ತಿಸುತ್ತದೆ. ಮಸಿಕಡ್ಡಿಯಲ್ಲಿ ಬರೆಯುವವನ ಆವೇಶಕ್ಕೆ ಇಲ್ಲಿ ಜಾಗವಿಲ್ಲ. ಗೆರೆಯ ಎರಡು ಬದಿಗೂ ಎದ್ದ ತಾಮ್ರದ ಅಂಚನ್ನು ಮೂರು ಮೂಲೆಯ ಹೆರೆಗತ್ತಿಯಿಂದ ಹೆರೆದು ತೆಗೆಯಬೇಕು. ತಪ್ಪು ಗೆರೆ ಬಿದ್ದರೆ ಆ ಜಾಗವನ್ನು ಹೆರೆದು, ಉಕ್ಕಿನ ನಯಗೋಲಿನಿಂದ ಉಜ್ಜಿ, ತಗ್ಗಾದಲ್ಲಿ ತಗಡಿನ ಹಿಂಬದಿಯಿಂದ ಮೆಲ್ಲಗೆ ಬಡಿದು ಸಮ ಮಾಡಬೇಕು. ಒಂದು ಒಳ್ಳೆಯ ಮುಖಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಇದೆಲ್ಲದರ ಮೇಲೆ, ಕೆತ್ತುವುದು ತಿರುಗುಮುರುಗಾಗಿ. ತಗಡಿನಲ್ಲಿ ಎಡಗೆನ್ನೆಯಾಗಿದ್ದದ್ದು ಕಾಗದದಲ್ಲಿ ಬಲಗೆನ್ನೆ. ಅಕ್ಷರಗಳನ್ನೂ ಕನ್ನಡಿಯಲ್ಲಿ ಕಂಡಂತೆ ಕೊರೆಯಬೇಕು.

ಅಚ್ಚು ಹಾಕುವವನ ಕೆಲಸವೂ ಸಾಮಾನ್ಯವಲ್ಲ. ತಗಡನ್ನು ಬೆಚ್ಚಗೆ ಮಾಡಿ ಎಣ್ಣೆಯಲ್ಲಿ ಕಲಸಿದ ದಪ್ಪ ಕರಿಶಾಯಿಯನ್ನು ಇಡೀ ಮೈಗೆ ತಿಕ್ಕುತ್ತಾನೆ. ಆಮೇಲೆ ಬಟ್ಟೆಯಿಂದ, ಕೊನೆಗೆ ಅಂಗೈಯಿಂದ, ಮೇಲ್ಮೈಯ ಶಾಯಿಯನ್ನೆಲ್ಲ ಒರೆಸುತ್ತಾನೆ. ಗೆರೆಗಳೊಳಗಿನ ಶಾಯಿ ಮಾತ್ರ ಉಳಿಯಬೇಕು. ತೇವ ಮಾಡಿಟ್ಟ ಕಾಗದವನ್ನು ಮೇಲೆ ಹಾಸಿ, ಅದರ ಮೇಲೆ ಉಣ್ಣೆಯ ದಪ್ಪ ಬಟ್ಟೆ ಹೊದಿಸಿ, ಎರಡು ಉರುಳೆಗಳ ನಡುವೆ ಹಾಯಿಸಿದರೆ ಒದ್ದೆ ಕಾಗದ ಗೆರೆಗಳೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಳ್ಳುತ್ತದೆ. ಒಣಗಿದ ಮೇಲೂ ಶಾಯಿ ಉಬ್ಬಿಕೊಂಡೇ ಇರುತ್ತದೆ, ತಗಡಿನ ನಾಲ್ಕು ಅಂಚಿನ ಒತ್ತುಗುರುತು ಕಾಗದದಲ್ಲಿ ಹಳ್ಳವಾಗಿ ಉಳಿಯುತ್ತದೆ. ಹಳೆಯ ಚಿತ್ರ ನಿಜವಾಗಿ ತಾಮ್ರದ ಅಚ್ಚೋ, ಆಮೇಲಿನ ಫೋಟೊ ಪ್ರತಿಯೋ ಎಂದು ಪರೀಕ್ಷಿಸುವವರು ಮೊದಲು ಹುಡುಕುವುದು ಈ ಎರಡು ಗುರುತುಗಳನ್ನೇ. ಕತ್ತರಿಸಿ ಚೌಕಟ್ಟು ಹಾಕಿದ ಪ್ರತಿಯಲ್ಲಿ ಅಂಚಿನ ಗುರುತು ಹೋಗಿಬಿಟ್ಟಿರಬಹುದು. ಶಾಯಿಯ ಉಬ್ಬು ಉಳಿದೇ ಇರುತ್ತದೆ.

ತಾಮ್ರ ಮೆತ್ತನೆಯ ಲೋಹ. ಪ್ರತಿ ಸಲ ಒರೆಸಿ ಒತ್ತಿದಾಗಲೂ ತುಸು ಸವೆಯುತ್ತದೆ. ಮೊದಮೊದಲ ಪ್ರತಿಗಳಲ್ಲಿ ಕಪ್ಪು ಮಖಮಲ್ಲಿನಂತೆ ಕಂಡದ್ದು ಕೆಲವು ನೂರು ಪ್ರತಿ ದಾಟಿದ ಮೇಲೆ ಬೂದುಬಣ್ಣಕ್ಕಿಳಿಯುತ್ತದೆ. ಎಲ್ಲಕ್ಕಿಂತ ಮೊದಲು ಅಳಿಯುವುದು ಮುಖದ ಮೇಲಿನ ಅತಿ ಸಣ್ಣ ಗೆರೆಗಳು. ಆಗ ತಗಡಿನ ಒಡೆಯ ಮತ್ತೊಬ್ಬನನ್ನು ಕರೆಸಿ ಗೆರೆಗಳನ್ನು ಮತ್ತೆ ಆಳ ಮಾಡಿಸುತ್ತಾನೆ. ಆ ಮತ್ತೊಬ್ಬ ಮೂಲ ಮನುಷ್ಯನನ್ನು ಕಂಡವನಾಗಿರಬೇಕೆಂದೇನೂ ಇಲ್ಲ. ಒಂದೇ ತಗಡಿನ ಮೊದಲ ಪ್ರತಿಯಲ್ಲಿ ಮೃದುವಾಗಿದ್ದ ಮುಖ ಕಡೆಯ ಪ್ರತಿಯಲ್ಲಿ ಗಡುಸಾಗಿ ಕಾಣುವುದಕ್ಕೆ ಇದೇ ಕಾರಣ.

ಈಗ ಮುಖದ ವಿಷಯಕ್ಕೆ ಬರೋಣ. ಈ ಕಲೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಗೆರೆಗೆ ಬಣ್ಣವಿಲ್ಲ, ಬೂದುಬಣ್ಣವೂ ಇಲ್ಲ. ಶಾಯಿ ಇದೆ, ಇಲ್ಲವೇ ಬಿಳಿ ಕಾಗದ ಇದೆ. ಇಷ್ಟರಲ್ಲೇ ರೇಷ್ಮೆಯ ಹೊಳಪು, ಉಣ್ಣೆಯ ಒರಟು, ಕಬ್ಬಿಣದ ಕವಚದ ತಣ್ಣನೆ, ಚರ್ಮದ ಬಿಸುಪು ಬೇರೆಬೇರೆಯಾಗಿ ಕಾಣಬೇಕು. ಅದಕ್ಕಾಗಿ ಕೆತ್ತನೆಗಾರರು ಗೆರೆಗಳಿಗೇ ಒಂದು ವ್ಯಾಕರಣ ಕಟ್ಟಿಕೊಂಡರು. ಗೆರೆ ಎಂದೂ ನೇರವಾಗಿ ಹೋಗಬಾರದು, ವಸ್ತುವಿನ ಮೈಯನ್ನು ಬಳಸಿಕೊಂಡು ಹೋಗಬೇಕು: ತೋಳಿನ ಮೇಲೆ ಬಳೆಯಂತೆ, ಬಟ್ಟೆಯ ಮಡಿಕೆಯಲ್ಲಿ ಮಡಿಕೆಯ ಜೊತೆಗೇ ಇಳಿದು ಏರಬೇಕು. ನೆರಳು ದಟ್ಟವಾಗಬೇಕಾದಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಓರೆಯಾಗಿ ಹಾಯುತ್ತದೆ. ಎರಡು ಸಾಲು ಕೂಡಿ ಉಂಟಾದ ಸಣ್ಣ ಸಣ್ಣ ವಜ್ರಾಕಾರದ ಮನೆಗಳ ನಡುವೆ ಒಂದೊಂದು ಚುಕ್ಕೆ. ಬೆಳಕು ಹೆಚ್ಚಿದಂತೆ ಸಾಲು ತೆಳುವಾಗಿ, ಕಡಿದು ಗೀಟಾಗಿ, ಗೀಟು ಚುಕ್ಕೆಯಾಗಿ, ಚುಕ್ಕೆ ಬಿಳುಪಿನಲ್ಲಿ ಕರಗುತ್ತದೆ.

ರಾಬರ್ಟ್ ನಾಂತುಯ್ ಇದರಲ್ಲಿ ಎಲ್ಲರಿಗಿಂತ ದೊಡ್ಡವನು ಎಂದು ನನ್ನ ಅಭಿಪ್ರಾಯ. 1623ರಲ್ಲಿ ರೀಮ್ಸ್‌ನಲ್ಲಿ ಹುಟ್ಟಿ 1678ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ಈತ 200ಕ್ಕೂ ಹೆಚ್ಚು ಮುಖಗಳನ್ನು ತಾಮ್ರದಲ್ಲಿ ಕೆತ್ತಿದ. ಬಹುಪಾಲು ಕೆತ್ತನೆಗಾರರು ಬೇರೆಯವರ ವರ್ಣಚಿತ್ರ ಮುಂದಿಟ್ಟುಕೊಂಡು ಕೆತ್ತುತ್ತಿದ್ದರು. ನಾಂತುಯ್ ಅನೇಕ ಸಲ ಆ ವ್ಯಕ್ತಿಯನ್ನೇ ಎದುರಿಗೆ ಕೂರಿಸಿಕೊಂಡು ತಾನೇ ಚಿತ್ರ ಬರೆದು, ಅದರಿಂದ ತಗಡಿಗೆ ಇಳಿಸುತ್ತಿದ್ದ. ಅವನ ಮುಖಗಳು ಸಾಮಾನ್ಯವಾಗಿ ಒಂದು ಮೊಟ್ಟೆಯಾಕಾರದ ಚೌಕಟ್ಟಿನಲ್ಲಿರುತ್ತವೆ, ಕೆಳಗೆ ಕಲ್ಲಿನ ಪೀಠದಂತೆ ಕಾಣುವ ಪಟ್ಟಿ, ಅದರಲ್ಲಿ ಹೆಸರು ಅಥವಾ ವಂಶದ ಲಾಂಛನ. ಭುಜ, ಕೊರಳಪಟ್ಟಿ, ಕೂದಲು ಉದ್ದ ಗೆರೆಗಳಲ್ಲಿ ನಿಶ್ಚಿಂತೆಯಿಂದ ಸಾಗುತ್ತವೆ. ಮುಖಕ್ಕೆ ಬಂದ ಕೂಡಲೇ ಉಳಿ ನಡಿಗೆ ಬದಲಿಸುತ್ತದೆ: ಬರೀ ಗೀಟು, ಬರೀ ಚುಕ್ಕೆ. ಕಣ್ಣಿನ ಕೆಳಗಿನ ಊತ, ಆಡದೆ ನುಂಗಿದ ಮಾತಿನಿಂದ ಬಿಗಿದ ತುಟಿ, ಅಧಿಕಾರದ ದಣಿವು, ಇಷ್ಟೂ ಆ ಚುಕ್ಕೆಗಳಲ್ಲಿ ಬರುತ್ತವೆ. ಫ್ರಾನ್ಸಿನ 14ನೇ ಲೂಯಿಯನ್ನೂ ಮಂತ್ರಿ ಮಜಾರಿನ್‌ನನ್ನೂ ಅವನು ಹಲವು ಬಾರಿ ಕೆತ್ತಿದ. ಅವುಗಳನ್ನು ಸಾಲಾಗಿಟ್ಟು ನೋಡಿದರೆ ಒಬ್ಬ ಮನುಷ್ಯನಿಗೆ ವಯಸ್ಸಾಗುವುದನ್ನೇ ನೋಡಿದಂತಾಗುತ್ತದೆ.

ಕ್ಲೋದ್ ಮೆಲ್ಲಾಂ ಎಂಬ ಇನ್ನೊಬ್ಬನದು ಬೇರೆ ಹಟ. ಒಂದರ ಮೇಲೊಂದು ಗೆರೆ ಹಾಯಿಸುವುದನ್ನೇ ಅವನು ಬಿಟ್ಟ. ಪಕ್ಕಪಕ್ಕದ ಗೆರೆಗಳನ್ನು ಎಲ್ಲಿ ದಪ್ಪ, ಎಲ್ಲಿ ತೆಳು ಮಾಡಬೇಕೆಂಬ ಹಿಡಿತದಲ್ಲೇ ಎಲ್ಲ ನೆರಳನ್ನೂ ತಂದ. 1649ರಲ್ಲಿ ಅವನು ಕೆತ್ತಿದ ಯೇಸುವಿನ ಮುಖ ಮೂಗಿನ ತುದಿಯಲ್ಲಿ ಶುರುವಾಗಿ ಸುರುಳಿಸುರುಳಿಯಾಗಿ ಹೊರಕ್ಕೆ ಹರಡುವ ಒಂದೇ ಒಂದು ಗೆರೆ. ಮುಳ್ಳಿನ ಕಿರೀಟ, ಕಣ್ಣು, ಗಡ್ಡ, ಬಟ್ಟೆ ಎಲ್ಲವೂ ಆ ಒಂದೇ ಗೆರೆಯ ಉಬ್ಬುತಗ್ಗಿನಿಂದ ಮೂಡಿದ್ದು. ಮುಂದೆ ಹಯಸಿಂತ್ ರಿಗೋ ಬರೆದ ವರ್ಣಚಿತ್ರವನ್ನು ನೋಡಿ ಪಿಯೆರ್-ಆಂಬೆರ್ ದ್ರೆವೆ 1723ರಲ್ಲಿ ಪಾದ್ರಿ ಬಾಸ್ಯುಯೆಯ ಆಳೆತ್ತರದ ಚಿತ್ರ ಕೆತ್ತಿದ. ತುಪ್ಪಳ, ಕಸೂತಿ, ಚಿನ್ನದ ಕುಸುರಿ, ಪುಸ್ತಕದ ಹಾಳೆ ಒಂದೊಂದಕ್ಕೂ ಅದರಲ್ಲಿ ಬೇರೆ ಗೆರೆ. ಕೌಶಲಕ್ಕೆ ತಲೆಬಾಗಲೇಬೇಕು. ಆದರೂ ಅಷ್ಟು ವೈಭವದ ನಡುವೆ ಮುಖ ತುಸು ಸೊರಗಿತು ಎಂದೇ ನನಗೆ ಅನಿಸುತ್ತದೆ. ನಾಂತುಯ್‌ಗೆ ಮುಖವೇ ಎಲ್ಲ ಆಗಿತ್ತು.

ಚುಕ್ಕೆಯಿಂದ ಮುಖ ಮಾಡುವುದನ್ನು ಕೈಯಲ್ಲಿ ಹಿಡಿದು ತಿಳಿಯಬೇಕೆಂದರೆ ಮನೆಯ ಹಳೆಯ ಹಿತ್ತಾಳೆ ಬಿಂದಿಗೆಯನ್ನೋ ಮದುವೆಯಲ್ಲಿ ಬಂದ ಸ್ಟೀಲ್ ತಟ್ಟೆಯನ್ನೋ ತೆಗೆದುಕೊಳ್ಳಿ. ಅಂಗಡಿಯವನು ಚೂಪು ಉಳಿಯಿಟ್ಟು ಟಕಟಕ ಬಡಿದು ಹಾಕಿಕೊಟ್ಟ ಹೆಸರು ಅದರ ಮೇಲಿರುತ್ತದೆ. ಹತ್ತಿರದಿಂದ ನೋಡಿದರೆ ಅಕ್ಷರವಿಲ್ಲ, ಬಿಡಿಬಿಡಿ ಚುಕ್ಕೆಗಳ ಸಾಲಿದೆ. ತೋಳಳತೆ ದೂರ ಹಿಡಿದರೆ ಚುಕ್ಕೆಗಳು ಕೂಡಿಕೊಂಡು ಅಜ್ಜಿಯ ಹೆಸರಾಗುತ್ತವೆ. ಕಣ್ಣು ಮಾಡುವ ಈ ಕೂಡಿಕೆಯನ್ನೇ ನಂಬಿ 18ನೇ ಶತಮಾನದ ಇಂಗ್ಲೆಂಡಿನಲ್ಲಿ ಇಡೀ ಚಿತ್ರವನ್ನೇ ಚುಕ್ಕೆಯಲ್ಲಿ ಮಾಡುವ ಪದ್ಧತಿ ಬೆಳೆಯಿತು. ನಾಂತುಯ್ ಕಾಲದವರು ಕೆನ್ನೆಗೆ ಮಾತ್ರ ಇಟ್ಟುಕೊಂಡಿದ್ದ ಚುಕ್ಕೆ ಈಗ ಬಟ್ಟೆಗೂ ಆಕಾಶಕ್ಕೂ ಹರಡಿತು. 1764ರಲ್ಲಿ ಇಟಲಿಯಿಂದ ಲಂಡನ್ನಿಗೆ ಬಂದ ಫ್ರಾನ್ಸೆಸ್ಕೊ ಬಾರ್ತೊಲೊಜ್ಜಿ ಇದಕ್ಕೆ ದೊಡ್ಡ ಹೆಸರು ತಂದ. ಅವನ ಶಿಷ್ಯರಲ್ಲೊಬ್ಬ ಜೊವಾನ್ನಿ ವೆಂದ್ರಾಮಿನಿ. ಶ್ರೀರಂಗಪಟ್ಟಣದ ಕೋಟೆ ಬಿದ್ದ ದೃಶ್ಯವನ್ನು ತಾಮ್ರಕ್ಕೆ ಇಳಿಸಿದವನು ಇವನೇ. ಅವನ ಬಗ್ಗೆ ಮುಂದೆ ಹೇಳುತ್ತೇನೆ.

ಯೂರೋಪಿನಲ್ಲಿ ಇಷ್ಟೊಂದು ಮುಖಗಳು ಯಾರಿಗೆ ಬೇಕಾಗಿದ್ದವು? ದೊರೆಗೆ ಬೇಕಾಗಿದ್ದವು: ಪ್ಯಾರಿಸ್ ಬಿಟ್ಟು ಹೊರಡದ ಪ್ರಜೆಯೂ ಹೊರಡುವ ರಾಯಭಾರಿಯೂ ಅವನ ಮುಖ ಗುರುತಿಸಬೇಕಿತ್ತು. ಗ್ರಂಥ ಬರೆದವನಿಗೆ ಮುಖಪುಟದ ಎದುರು ತನ್ನ ಚಿತ್ರ ಬೇಕಿತ್ತು. ಸಂಗ್ರಹಕಾರರಿಗೆ ದೊಡ್ಡವರ ಮುಖಗಳ ಸರಣಿ ಬೇಕಿತ್ತು. ಆಂಟ್ವರ್ಪಿನ ಆಂಟನಿ ವಾನ್ ಡೈಕ್ 1630ರ ದಶಕದಲ್ಲಿ ದೊರೆಗಳು, ಪಂಡಿತರು, ಕಲಾವಿದರು ಸೇರಿದ ಅಂಥ ಒಂದು ಸರಣಿ ತಯಾರಿಸಿದ. 1645ರಲ್ಲಿ ಅದು ನೂರು ಚಿತ್ರಗಳ ಸಂಪುಟವಾಗಿ ಬಂತು. ಆತ ಮುಖಗಳನ್ನು ಬರೆದುಕೊಟ್ಟ, ಬಹುಪಾಲು ಕೆತ್ತಿದವರು ವೋರ್ಸ್ಟರ್‌ಮನ್, ಪಾಂಟಿಯಸ್‌ರಂಥ ಬೇರೆಯವರು. ಚಿತ್ರದ ಕೆಳಗೆ ಎಡಕ್ಕೆ ಬರೆದವನ ಹೆಸರು, ಬಲಕ್ಕೆ ಕೆತ್ತಿದವನ ಹೆಸರು ಹಾಕುವುದು ರೂಢಿಯಾಯಿತು. 1660ರಲ್ಲಿ 14ನೇ ಲೂಯಿ ಹೊರಡಿಸಿದ ಆಜ್ಞೆ ಕೆತ್ತನೆಯನ್ನು ಕಸುಬುದಾರರ ಸಂಘದ ಕಟ್ಟಳೆಗಳಿಂದ ಬಿಡಿಸಿ ಸ್ವತಂತ್ರ ಕಲೆ ಎಂದು ಸಾರಿತು. ಕೆತ್ತುವವನ ಹೆಸರು ಕೃತಿಯ ಮೇಲಿರಬೇಕು ಎಂಬುದು ನಮ್ಮ ಸೀಮೆಗೆ ಹೊಸದೇನಲ್ಲ. ಕೆ.ಆರ್.ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದ ದ್ವಾರಪಾಲಕರ ಮೇಲೆ 13ನೇ ಶತಮಾನದ ರೂವಾರಿ ಮಲ್ಲಿತಮ್ಮನ ಹೆಸರಿದೆ.

ತಾಮ್ರದಲ್ಲಿ ಕೊರೆಯುವ ಕೈಯೂ ನಮಗೆ ಹೊಸದಲ್ಲ. ನಮ್ಮ ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯ ತಾಮ್ರಶಾಸನ ಶಕ 698ರದು, ಅಂದರೆ ಕ್ರಿ.ಶ. 776-77. ಗಂಗರ ಶ್ರೀಪುರುಷ ಪಟ್ಟಕ್ಕೆ ಬಂದು 50 ವರ್ಷವಾಗಿದ್ದಾಗ, ನಿರ್ಗುಂದದ ಅರಸನ ಮಡದಿ ಕುಂದಾಚ್ಚಿ ಶ್ರೀಪುರದಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಕೊಟ್ಟ ಊರಿನ ದಾಖಲೆ ಅದು. ಅದನ್ನು ಬರೆದವನು ವಿಶ್ವಕರ್ಮಾಚಾರ್ಯ. ಎಲ್ಲ ಕಲೆಗಳನ್ನು ಬಲ್ಲವನು, ಚಿತ್ರಕಲೆಯಲ್ಲಿ ನಿಪುಣ ಎಂದು ಶಾಸನವೇ ಅವನನ್ನು ಕರೆಯುತ್ತದೆ. ತಾಮ್ರದಲ್ಲಿ ಗೆರೆ ಹಾಕುವವನಿಗೆ ಚಿತ್ರವೂ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಮಾತು ಬೇಕಿಲ್ಲ. ನಾಗಮಂಗಲದ ಆಚಾರಿಗಳು ಕಂಚು, ಹಿತ್ತಾಳೆಯ ವಿಗ್ರಹಗಳಿಗೆ ಹೆಸರಾದವರು. ಎರಕ ಹೊಯ್ದ ಮೇಲೆ ಉಳಿಯಿಂದ ಕಣ್ಣು, ತುಟಿ, ಆಭರಣ ತೀಡುವ ಕೆಲಸವೂ ಗೆರೆಯ ಕೆಲಸವೇ.

ಹಾಗಾದರೆ ಇಲ್ಲಿ ತಾಮ್ರದಿಂದ ಕಾಗದಕ್ಕೆ ಮುಖ ಏಕೆ ಇಳಿಯಲಿಲ್ಲ? ನಾವು ಹಿಂದುಳಿದಿದ್ದೆವು ಎಂಬ ಸುಲಭದ ಉತ್ತರವನ್ನು ನಾನು ಒಪ್ಪುವುದಿಲ್ಲ. ತಾಮ್ರಶಾಸನದ ಉದ್ದೇಶವೇ ಬೇರೆ ಇತ್ತು. ದಾನ ಪಡೆದವರ ಕೈಯಲ್ಲಿ ತಲೆತಲಾಂತರ ಉಳಿಯಬೇಕಾದ ಒಂದೇ ಒಂದು ಮೂಲಪತ್ರ ಅದು. ತಗಡುಗಳಿಗೆ ತೂತು ಮಾಡಿ ಬಳೆ ಪೋಣಿಸಿ, ಬಳೆಯ ಕೊಂಡಿಗೆ ರಾಜಮುದ್ರೆ ಒತ್ತುತ್ತಿದ್ದರು. ಗಂಗರ ಮುದ್ರೆಯಲ್ಲಿ ಆನೆ ಇರುತ್ತದೆ. ಒಂದು ತಗಡು ತೆಗೆದು ಇನ್ನೊಂದು ಸೇರಿಸಲು ಆಗಬಾರದು, ನಕಲು ಹುಟ್ಟಬಾರದು ಎಂಬುದಕ್ಕೇ ಇಷ್ಟೆಲ್ಲ ಕಾವಲು. ಯೂರೋಪಿನ ಮುಖದ ತಗಡಿಗೆ ನಕಲು ಹುಟ್ಟಿಸುವುದೇ ಕೆಲಸ. ಅಲ್ಲಿ ತಗಡನ್ನು ಯಾರೂ ನೋಡುವುದಿಲ್ಲ, ಕಾಗದವನ್ನು ನೋಡುತ್ತಾರೆ. ಇಲ್ಲಿ ತಗಡೇ ದಾಖಲೆ, ಆದ್ದರಿಂದ ಅಕ್ಷರ ಸರಿಯಾಗಿಯೇ ಕೊರೆಯಬೇಕು, ತಿರುಗುಮುರುಗಾಗಿ ಅಲ್ಲ. ಕೈ ಒಂದೇ, ಲೋಹ ಒಂದೇ, ಬಯಕೆ ಬೇರೆ. ಮುದ್ರಣಯಂತ್ರ 1556ರಲ್ಲೇ ಗೋವೆಗೆ ಬಂದಿತ್ತು, 1580ರಲ್ಲಿ ಅಕ್ಬರನ ಆಸ್ಥಾನಕ್ಕೆ ಬಂದ ಜೆಸ್ಯೂಟ್ ಪಾದ್ರಿಗಳು ಕೆತ್ತನೆಯ ಚಿತ್ರಗಳಿದ್ದ ಆಂಟ್ವರ್ಪಿನ ಬೈಬಲ್ ತಂದಿದ್ದರು. ಅಲ್ಲಿನ ಚಿತ್ರಗಾರರು ಆ ಗೆರೆಗಳನ್ನು ಕುಂಚದಲ್ಲಿ ಅನುಸರಿಸಿದರೇ ಹೊರತು ತಾಮ್ರಕ್ಕೆ ಹೋಗಲಿಲ್ಲ. ಕನ್ನಡಕ್ಕೆ ಮುದ್ರಣ ಬಂದು ನೆಲೆಗೊಳ್ಳುವ ಹೊತ್ತಿಗೆ ತಾಮ್ರದ ಕಾಲ ಮುಗಿಯುತ್ತಿತ್ತು. 1843ರಲ್ಲಿ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. ಕಲ್ಲಿನಿಂದ ನಾವು ನೇರವಾಗಿ ಫೋಟೊ ಬ್ಲಾಕಿಗೆ ಹೋದೆವು. ತಾಮ್ರದ ಮುಖಗಳ ಘಟ್ಟ ನಮ್ಮ ಅನುಭವಕ್ಕೆ ಬರಲೇ ಇಲ್ಲ. ಅದರ ಗೆರೆಗಳನ್ನು ಓದುವ ರೂಢಿ ನಮಗಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಆದರೆ ನಮ್ಮವರ ಮುಖಗಳು ಆ ಘಟ್ಟಕ್ಕೆ ಸಿಕ್ಕಿಕೊಂಡವು. 1792ರ ಫೆಬ್ರುವರಿಯಲ್ಲಿ ಶ್ರೀರಂಗಪಟ್ಟಣದ ಎದುರು ಬೀಡುಬಿಟ್ಟಿದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ಗೆ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನರನ್ನು, ಒತ್ತೆಯಾಗಿ ಒಪ್ಪಿಸಿದ. ಇಬ್ಬರೂ ಹತ್ತರ ಆಸುಪಾಸಿನ ಹುಡುಗರು. ಲಂಡನ್ನಿನಲ್ಲಿ ಈ ದೃಶ್ಯಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಸೈನ್ಯದ ಜೊತೆಗೇ ಇದ್ದ ರಾಬರ್ಟ್ ಹೋಮ್ ಅದನ್ನು ವರ್ಣಚಿತ್ರವಾಗಿ ಬರೆದ. ಅವನ ಮೈಸೂರು ಸೀಮೆಯ ನೋಟಗಳ ಕೆತ್ತನೆ ಚಿತ್ರಸಂಪುಟ 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಇದೇ ಒತ್ತೆಯ ದೃಶ್ಯವನ್ನು ಮ್ಯಾದರ್ ಬ್ರೌನ್, ಹೆನ್ರಿ ಸಿಂಗಲ್ಟನ್ ಕೂಡ ಬರೆದರು, ಅವೂ ತಾಮ್ರಕ್ಕೆ ಇಳಿದವು. ಇವರಿಬ್ಬರೂ ಹಿಂದೂಸ್ತಾನದ ನೆಲ ಮೆಟ್ಟಿದವರಲ್ಲ.

1799ರ ಮೇ 4ರಂದು ಕೋಟೆ ಬಿತ್ತು. ಮರುವರ್ಷವೇ ಲಂಡನ್ನಿನ ಲೈಸಿಯಂನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಚಿತ್ರಗಾರ ಸುಮಾರು 120 ಅಡಿ ಉದ್ದದ ಚಿತ್ರವೊಂದನ್ನು ಪ್ರದರ್ಶನಕ್ಕಿಟ್ಟ: ಶ್ರೀರಂಗಪಟ್ಟಣದ ಮೇಲಿನ ದಾಳಿ. ಜನ ಮುಗಿಬಿದ್ದು ನೋಡಿದರು. ಪೋರ್ಟರ್ ಕಾವೇರಿಯನ್ನು ಕಂಡವನಲ್ಲ. ಆದರೆ ದಾಳಿಯಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಚಹರೆಗಳನ್ನು ಸಂಪಾದಿಸಿ, ಅವರವರ ಮುಖ ಅವರವರಿಗೇ ಹೋಲುವಂತೆ ಚಿತ್ರದಲ್ಲಿ ಕೂರಿಸಿದ. ನಡುವೆ ಕತ್ತಿಯೆತ್ತಿ ನಿಂತವನು ದಾಳಿಯ ಮುಂದಾಳು ಜನರಲ್ ಬೇರ್ಡ್. ಆ ಮೂಲ ಚಿತ್ರ ಮುಂದೆ ಬೆಂಕಿಗೆ ಸಿಕ್ಕಿ ಹೋಯಿತು. ನಮಗೆ ಅದು ಉಳಿದಿರುವುದು 1802-03ರಲ್ಲಿ ವೆಂದ್ರಾಮಿನಿ ಚುಕ್ಕೆ ಪದ್ಧತಿಯಲ್ಲಿ ಮಾಡಿದ ದೊಡ್ಡ ಅಚ್ಚುಗಳಿಂದ.

ಆ ಅಚ್ಚುಗಳನ್ನು ನೋಡುವಾಗ ಬರೋಕ್ ಕೆತ್ತನೆಗಾರರು ಕಲಿಸಿದ ಕಣ್ಣು ಉಪಯೋಗಕ್ಕೆ ಬರುತ್ತದೆ. ಚುಕ್ಕೆಗಳು ಎಲ್ಲಿ ದಟ್ಟವಾಗಿವೆ, ಎಲ್ಲಿ ಕೆತ್ತನೆಗಾರ ಹೆಚ್ಚು ಹೊತ್ತು ನಿಂತಿದ್ದಾನೆ ಎಂದು ಹುಡುಕಿ. ಬ್ರಿಟಿಷ್ ಅಧಿಕಾರಿಗಳದು ಒಬ್ಬೊಬ್ಬರದೂ ಬೇರೆ ಮೂಗು, ಬೇರೆ ದವಡೆ. ಬಿಡಿ ಮನುಷ್ಯನ ಗುರುತು ಅಲ್ಲಿದೆ. ಏಕೆಂದರೆ ಚಿತ್ರಗಾರನ ಮುಂದೆ ಅವರ ಚಹರೆ ಇತ್ತು, ಅವರ ಮನೆಯವರೇ ನೋಡಲು ಬರುವವರಿದ್ದರು. ಮೈಸೂರಿನ ಸಿಪಾಯಿಗಳ ಮುಖಗಳಿಗೆ ಆ ಆಧಾರ ಇರಲಿಲ್ಲ. ಪೇಟ, ಮೀಸೆ, ಸಿಟ್ಟು ಅಥವಾ ದಿಗಿಲು ಎಂಬ ಸಿದ್ಧ ಅಚ್ಚಿನಲ್ಲಿ ಅವು ಮೂಡಿದವು. ಇದನ್ನು ದ್ವೇಷದ ಕೆಲಸ ಎಂದು ತೀರ್ಮಾನಿಸುವ ಮೊದಲು ಒಂದು ಮಾತು ನೆನಪಿಡಬೇಕು: ಕೆತ್ತುವವನು ತನಗೆ ಕೊಟ್ಟ ಚಿತ್ರದಲ್ಲಿ ಇಲ್ಲದ್ದನ್ನು ಕೆತ್ತಲಾರ. ಟಿಪ್ಪುವಿನ ಮುಖ ಲಂಡನ್ನಿನ ತಗಡಿಗೆ ಬರುವ ಹೊತ್ತಿಗೆ ನೋಡಿದವನ ನೆನಪು, ಬರೆದವನ ಊಹೆ, ಕೆತ್ತಿದವನ ಅಭ್ಯಾಸ, ಮಾರುವವನ ಲೆಕ್ಕಾಚಾರ ಎಲ್ಲವನ್ನೂ ದಾಟಿ ಬಂದಿರುತ್ತದೆ.

ಇಲ್ಲಿಗೆ ಬಂದು ಎದುರಿಗೆ ಕೂರಿಸಿ ಬರೆದವನು ಥಾಮಸ್ ಹಿಕಿ. ಕೋಟೆ ಬಿದ್ದ ಮೇಲೆ ಅವನು ಟಿಪ್ಪುವಿನ ಮಕ್ಕಳನ್ನು, ಬ್ರಿಟಿಷ್ ಅಧಿಕಾರಿಗಳನ್ನು ಬಳಪದಲ್ಲಿ ಬರೆದ. ದಿವಾನ್ ಪೂರ್ಣಯ್ಯನವರ ಚಿತ್ರವನ್ನೂ ಬರೆದ. ಹಿಕಿಯ ರೇಖೆಗಳಲ್ಲಿ ಮನುಷ್ಯರಿದ್ದಾರೆ. ಈ ಚಹರೆಗಳನ್ನು ಆಧರಿಸಿ ದೊಡ್ಡ ಚಿತ್ರಗಳ ಸರಣಿ ಮಾಡುವ ಅವನ ಯೋಜನೆ ನಡೆಯಲಿಲ್ಲ. ನಡೆದಿದ್ದರೆ ಪೋರ್ಟರನ ದಾಳಿಯ ಬದಲು ಈ ಮುಖಗಳು ಮನೆಮನೆ ತಲುಪುತ್ತಿದ್ದವೇನೋ. ಕಂಡು ಬರೆದ ಮುಖ ಪೆಟ್ಟಿಗೆಯಲ್ಲಿ ಉಳಿಯಿತು, ಕಾಣದೆ ಬರೆದದ್ದು ಸಾವಿರವಾಗಿ ಹರಡಿತು. ಈ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ.

ಅಡಿಬರಹವನ್ನೂ ನಂಬುವಂತಿಲ್ಲ. ಹೈದರಾಲಿಯದೆಂದು ಯೂರೋಪಿನಲ್ಲಿ ಪ್ರಚಾರದಲ್ಲಿದ್ದ ಒಂದು ಚಿತ್ರದ ಕೆಳಗೆ ಅವನನ್ನು ಮರಾಠರ ಸೇನಾಪತಿ ಎಂದು ಬರೆದಿದೆ. ಮತ್ತೆ ಮತ್ತೆ ಮರಾಠರೊಡನೆ ಕಾದಾಡಿದವನಿಗೆ ಈ ಬಿರುದು! ಇದು ದೂರದ ನಾಡಿನ ಅಜ್ಞಾನ ಎಂದುಕೊಂಡರೆ, ತಮ್ಮದೇ ದೊರೆಗಳಿಗೆ ಅವರು ಮಾಡಿದ್ದನ್ನು ನೋಡಬೇಕು. 17ನೇ ಶತಮಾನದ ಪಿಯೆರ್ ಲೊಂಬಾರ್ ಎಂಬ ಕೆತ್ತನೆಗಾರ ಕುದುರೆಯೇರಿದ ವೀರನ ತಗಡೊಂದನ್ನು ಮಾಡಿದ, ವಾನ್ ಡೈಕ್ ಬರೆದ ಒಂದನೇ ಚಾರ್ಲ್ಸ್ ದೊರೆಯ ಚಿತ್ರದ ಮಾದರಿಯಲ್ಲಿ. ಅದೇ ತಗಡಿನ ಬೇರೆಬೇರೆ ಕಾಲದ ಅಚ್ಚುಗಳಲ್ಲಿ ಕುದುರೆ ಅದೇ, ಕವಚ ಅದೇ, ತಲೆ ಮಾತ್ರ ಬೇರೆ: ಒಂದರಲ್ಲಿ ಚಾರ್ಲ್ಸ್‌ನ ವೈರಿ ಕ್ರಾಮ್‌ವೆಲ್, ಒಂದರಲ್ಲಿ ಫ್ರಾನ್ಸಿನ ಲೂಯಿ, ಒಂದರಲ್ಲಿ ಚಾರ್ಲ್ಸ್. ರಾಜ್ಯ ಬದಲಾದಂತೆ ತಲೆಯನ್ನು ಹೆರೆದು ಇನ್ನೊಂದನ್ನು ಕೂರಿಸಿದ್ದರು. ತಲೆ ಹೆರೆದು ಹೊಸದನ್ನು ಇನ್ನೂ ಕೆತ್ತದಿದ್ದಾಗ ತೆಗೆದ ಅಚ್ಚೂ ಉಳಿದಿದೆ, ರುಂಡವಿಲ್ಲದ ಸವಾರ. ಯಾರ ಮೇಲಿನ ಪ್ರೀತಿಯೂ ಹಗೆಯೂ ಇದಕ್ಕೆ ಕಾರಣವಲ್ಲ. ನಯ ಮಾಡಿ ಕೆತ್ತಿದ ತಗಡಿಗೆ ಬೆಲೆಯಿತ್ತು, ಕುದುರೆಯನ್ನು ಮತ್ತೆ ಕೆತ್ತಲು ತಿಂಗಳುಗಟ್ಟಲೆ ಕೂಲಿ ಕೊಡಬೇಕಿತ್ತು.

ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್ ನೋಡದೆ ಬರುವುದಿಲ್ಲ. 1784ರಲ್ಲಿ ಕಟ್ಟಿದ ಆ ಅರಮನೆಯ ಗೋಡೆಯ ಮೇಲೇ ಇನ್ನೊಂದು ಪಾಠವಿದೆ. ಪಡುವಣ ಗೋಡೆಯಲ್ಲಿ 1780ರ ಪೊಲ್ಲಿಲೂರು ಕದನ, ಸೋತ ಬ್ರಿಟಿಷ್ ದಂಡನಾಯಕ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ. ಮೂಡಣ ಗೋಡೆಯಲ್ಲಿ ಆ ಕಾಲದ ಅರಸರು, ಪಾಳೆಯಗಾರರು ಸಾಲುಸಾಲು. ಇಲ್ಲಿನ ಚಿತ್ರಗಾರ ನೆರಳನ್ನು ಲೆಕ್ಕಕ್ಕೇ ಇಟ್ಟಿಲ್ಲ. ಚಪ್ಪಟೆ ಬಣ್ಣಕ್ಕೆ ಅಂಚಿನ ಗೆರೆ ಕಟ್ಟಿ, ಉಡುಪಿನಿಂದ, ಆಸನದಿಂದ, ಪರಿವಾರದಿಂದ ಯಾರು ಎಷ್ಟು ದೊಡ್ಡವರೆಂದು ಹೇಳಿದ್ದಾನೆ. ಈ ಗೋಡೆಗಳೂ ಮೊದಲಿದ್ದಂತೆಯೇ ಉಳಿದಿಲ್ಲ: ಅಳಿದದ್ದನ್ನು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಸರಿಪಡಿಸಿದ, 1855ರಲ್ಲಿ ಗವರ್ನರ್-ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬಣ್ಣ ಹಾಕಿಸಲಾಯಿತು. ಗೋಡೆಯ ಕದನದಲ್ಲಿ ಬ್ರಿಟಿಷರ ಮುಖಗಳು ಒಂದೇ ಎರಕದವು. ಲಂಡನ್ನಿನ ಅಚ್ಚಿನಲ್ಲಿ ನಮ್ಮವರ ಮುಖಗಳು ಒಂದೇ ಎರಕದವು. ಎರಡನ್ನೂ ಎದುರುಬದುರು ಇಟ್ಟು ಮಕ್ಕಳಿಗೆ ತೋರಿಸುವ ಅವಕಾಶ ಶ್ರೀರಂಗಪಟ್ಟಣದ ಬಳಿ ಇರುವಂತೆ ಇನ್ನೆಲ್ಲೂ ಇಲ್ಲ.

ಇದಕ್ಕೆ ಆಗಬೇಕಾದ ಕೆಲಸ ಸಣ್ಣದು. ಕೆತ್ತನೆಯ ಯಾವ ಚಿತ್ರವನ್ನು ತೂಗುಹಾಕಿದರೂ, ಪಠ್ಯದಲ್ಲಿ ಅಚ್ಚು ಹಾಕಿದರೂ, ಕೆಳಗೆ ಕನ್ನಡದಲ್ಲಿ ಮೂರು ಸಾಲು ಬರೆಯಲಿ. ಮೂಲ ಚಿತ್ರ ಬರೆದವನು ಯಾರು, ಅವನು ಇಲ್ಲಿಗೆ ಬಂದಿದ್ದನೇ. ತಾಮ್ರದಲ್ಲಿ ಕೆತ್ತಿದವನು ಯಾರು, ಯಾವ ವರ್ಷ, ಯಾವ ಊರಿನಲ್ಲಿ. ನಾವು ನೋಡುತ್ತಿರುವುದು ತಗಡಿನಿಂದ ನೇರ ಬಂದ ಅಚ್ಚೇ, ಅದರ ಫೋಟೊ ಪ್ರತಿಯೇ. ನಮ್ಮ ಹೊಣಕೆರೆ ಹೋಬಳಿಯ ಶಾಲೆಗಳಿಂದ ಪ್ರವಾಸ ಹೊರಡುವ ಮೇಷ್ಟ್ರುಗಳು ಅಷ್ಟರವರೆಗೆ ಕಾಯಬೇಕಾಗಿಲ್ಲ. ಒಂದು ಭೂತಗನ್ನಡಿ ಇಟ್ಟುಕೊಂಡು ಹೋಗಲಿ. ಚಿತ್ರದ ಕೆಳಗಿನ ಎಡಬಲದ ಸಣ್ಣ ಅಕ್ಷರಗಳನ್ನು ಮಕ್ಕಳಿಂದಲೇ ಓದಿಸಲಿ, ಆಮೇಲೆ ಮುಖದ ಚುಕ್ಕೆಗಳಿಗೆ ಬರಲಿ.